ರಾಚಪ್ಪ ಕಾಕಾ ಎದ್ದದ್ದು

ರಾಚಪ್ಪ ಕಾಕಾ ಚಾವಡಿ ಕಟ್ಟೆಯ ಮೇಲೆ ಕಂಬಳಿ ಹಾಸಿ ನ್ಯಾಯಕ್ಕೆ ಕುಳಿತರೆ ನಡುವೆ ಏಳುವವರಲ್ಲ ಎಂಬುದು ಇಂಡಿಯಿಂದ ಸಿಂದಗಿಯವರೆಗೆ ಹೆಸರಾದ ಮಾತು. ಎರಡೂ ಕಡೆಯವರು ಹೇಳಿ ಮುಗಿಸುವ ತನಕ ಎಲೆ ಅಡಿಕೆ ಕೂಡ ಹಾಕುತ್ತಿರಲಿಲ್ಲ. ಯಾರದಾದರೂ ಮಾತು ಸುಳ್ಳೆನಿಸಿದರೆ ಮಾತ್ರ ತಲೆಯ ಪಟಕಾ ಸರಿಪಡಿಸಿಕೊಂಡು ಎದ್ದುಬಿಡುವರು. "ನಾ ಎದ್ನಿ ಅಂದ್ರ ನ್ಯಾಯ ಮುಗೀತು" ಎನ್ನುವರು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಅವರು ನನ್ನ ತಂದೆಯ ಚಿಕ್ಕಪ್ಪನ ಮಗ. ನನ್ನನ್ನು ಧಾರವಾಡಕ್ಕೆ ಓದಲು ಕಳಿಸುವಂತೆ ಅಪ್ಪನನ್ನು ಒಪ್ಪಿಸಿದವರು ಅವರೇ. ಎಂ.ಎ. ಮುಗಿಸಿ ಇಂಡಿಯಲ್ಲಿ ಮಾಸ್ತರನಾದ ಮೇಲೆ, ರವಿವಾರ ಊರಿಗೆ ಬಂದರೆ ತೀರ್ಪಿನ ಕಾಗದ ಬರೆಯಲು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದರು.

ದೊಡ್ಡ ಬರ ಕಳೆದ ಮರುವರ್ಷ ಇರಬೇಕು, ಹಾಗೆ ಪಕ್ಕದಲ್ಲಿ ಕೂರುವುದು ನನಗೆ ಹೇಸಿಗೆಯಾಗತೊಡಗಿತು. ಧೋತರದ ಮುಂದೆ ಹಳದಿ ಕಲೆ. ಬಿಸಿಲೇರಿದಂತೆ ಏರುವ ಹುಳಿ ನಾತ. ಬೆಳಿಗ್ಗೆ ಮನೆಯ ಹಿತ್ತಿಲ ಗೋಡೆಗೆ ಒಂದು ಕೈಯೂರಿ, ಹಣೆ ಒತ್ತಿ ನಿಂತರೆ ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು. ಬರುವುದು ನಾಲ್ಕು ಹನಿ. ತಿರುಗುವಷ್ಟರಲ್ಲಿ ಉಳಿದದ್ದು ಧೋತರಕ್ಕೆ. ಅದೇ ಕೈಯಿಂದ ನನ್ನ ಬೆನ್ನು ತಟ್ಟುವರು.

"ಕಾಕಾ, ಬಿಜಾಪುರಕ್ಕ ಹೋಗಿ ಡಾಕ್ಟರಿಗೆ ತೋರಸೂಣ ನಡೀರಿ."

"ಆ ಜಾಗಾಕ್ಕ ಮಂದಿ ಕೈ ಹಚ್ಚಾಕ ನಾ ಏನ್ ಎತ್ತೇನೋ? ನೀರ ಕುಡಿದ್ರ ಅಲ್ಲೇನು ಅದು ಬರೂದು? ಕುಡಿಯೂದ ಬಿಟ್ಟೇನಿ."

"ನಾಲಿಗಿ ಒಣಗಿ ಮಾತ ಹೊಂಡವಲ್ವು ನಿಮಗ."

"ನ್ಯಾಯ ಹೇಳಾಕ ಮೂರ ಮಾತ ಸಾಕು. ನೀ ಬರಿ, ಶಾಣ್ಯಾ."

ಗಂಗವ್ವನ ನ್ಯಾಯ ಬಂದದ್ದು ಆಗಲೇ. ಅವಳು ಕುರಿ ಕಾಯುವ ಮನೆತನದ ವಿಧವೆ. ಅವಳ ಹೊಲಕ್ಕೆ ಮೈದುನನ ಹೊಲದೊಳಗಿಂದಲೇ ಗಾಡಿ ಹಾದಿ. ಅವನು ಮುಳ್ಳು ಹಚ್ಚಿ ಅದನ್ನು ಮುಚ್ಚಿದ್ದ. ಹಾದಿ ಇಲ್ಲದಿದ್ದರೆ ಹೊಲವೂ ಇಲ್ಲ. ಸೆರಗು ಹೊದ್ದು ನಿಂತು ಹೇಳಿದಳು: "ನಮ್ಮತ್ತಿ ಕಾಲದಿಂದ ಅದ ಹಾದೀಲೆ ಗಾಡಿ ಹೋಗ್ಯಾವ್ರಿ. ನನ್ನ ಗಂಡನ್ನ ಹೊಲದಾಗ ಮಣ್ಣ ಮಾಡುಮುಂದನೂ ಅದ ಹಾದೀಲೆ..."

ಕಾಕಾ ಎದ್ದರು. ಎದ್ದು ಚಾವಡಿಯ ಹಿಂದಕ್ಕೆ ಹೋದರು.

ಮೈದುನ ಮೀಸೆ ಸವರಿಕೊಂಡು, "ಸುಳ್ಳು ಅನ್ನೂದು ಹಿರ್ಯಾರಿಗೆ ತಿಳೀತು, ಏಳ್ರಪಾ" ಎಂದ. ಕಾಕಾ ಮರಳುವಷ್ಟರಲ್ಲಿ ಮಂದಿ ಧೂಳು ಕೊಡವಿಕೊಳ್ಳುತ್ತಿದ್ದರು.

"ಯಪ್ಪಾ, ನಾ ಇನ್ನಾ ಮುಗಿಸಿದ್ದಿಲ್ರಿ" ಎಂದಳು ಗಂಗವ್ವ.

ಕಾಕಾ ತಮ್ಮ ಧೋತರ ನೋಡಿಕೊಂಡರು. ಹೆಗಲ ಶಲ್ಯವನ್ನು ಮುಂದಕ್ಕೆ ಎಳೆದುಕೊಂಡರು.

"ಮುಗೀತವಾ, ನಡಿ."

ಹಾದಿ ಇಲ್ಲವೆಂದು ನಾನು ಕಾಗದ ಬರೆದೆ. ಕಾರಣ ಆಗಲೇ ಗೊತ್ತಿತ್ತೋ, ಆಮೇಲೆ ಜೋಡಿಸಿಕೊಂಡೆನೋ ಎಂಬ ಅನುಮಾನಕ್ಕೆ ಹಳೆಯ ಡೈರಿ ತೆಗೆದರೆ ಅಲ್ಲಿ ಎರಡೇ ಪದ ಇವೆ: 'ಕಂಬಳಿ ಒದ್ದೆ.' ಗೊತ್ತಿತ್ತು. ಆ ವರ್ಷವೇ ಗಂಗವ್ವ ಹೊಲವನ್ನು ಮೈದುನನಿಗೆ ಬರೆದುಕೊಟ್ಟು ಕೂಲಿಗೆ ಬಿದ್ದಳು.

ಎರಡು ವರ್ಷದ ನಂತರ ಕಾಕಾನಿಗೆ ಮೂತ್ರ ಪೂರ್ತಿ ಕಟ್ಟಿತು. ಹೊಟ್ಟೆ ಗಡಿಗೆಯಂತೆ ಉಬ್ಬಿ, ಚೀರುತ್ತಿದ್ದವರನ್ನು ಬಿಜಾಪುರಕ್ಕೆ ಒಯ್ದೆವು. "ಉಚ್ಚಿ ಹಾದಿ ಸುತ್ತ ಇರೂ ಪ್ರಾಸ್ಟೇಟ್ ಗ್ರಂಥಿ ಬೆಳದೈತ್ರಿ. ವಯಸ್ಸಾದ ಗಂಡಸರಿಗೆ ಆಗೂದ ಇದು. ಇಷ್ಟ ತಡಾ ಮಾಡಿದ್ರಿ, ಮೂತ್ರಪಿಂಡ ಕೆಟ್ಟಾವು" ಎಂದರು ಡಾಕ್ಟರು. ರಬ್ಬರ್ ನಳಿಕೆ ಹಾಕಿದರು. ಮಂಚದ ಕೆಳಗಿನ ಬಾಟಲಿಯಲ್ಲಿ ರಕ್ತ ಬೆರೆತ ಮೂತ್ರ ತುಂಬುತ್ತಿತ್ತು.

ಜಡ್ಡಾದವರನ್ನು ನೋಡದೆ ಇರಬಾರದೆಂದು ಗಂಗವ್ವ ಬಂದಳು. ಏನಾಗಿದೆ ಎಂದು ಕೇಳಿದಳು. ನಾನು ಹೇಳಿಬಿಟ್ಟೆ: "ಉಚ್ಚಿ ತಡಿಯೂದಿಲ್ಲವಾ, ಮೂರ ವರ್ಷಾತು. ಅವತ್ತ ಚಾವಡ್ಯಾಗ ಎದ್ದದ್ದೂ ಅದಕ್ಕ."

ಅವಳು ಬಗ್ಗಿ ಬಾಟಲಿಯನ್ನು ನೋಡಿದಳು.

"ಇಷ್ಟಕ್ಕ ಎದ್ದಿರೇನ್ರಿ ಯಪ್ಪಾ? ನನ್ನ ಮಾತಿನಾಗ ಯಾವುದ ಸುಳ್ಳಾತು ಅಂತ ಎರಡ ವರ್ಷ ತಿರುವಿ ತಿರುವಿ ನೋಡೇನ್ರಿ. ಗಂಡನ್ನ ಬ್ಯಾರೆ ಹಾದೀಲೆ ಒಯ್ದಿದ್ರೋ ಏನೋ, ನನಗ ನೆಪ್ಪ ತಪ್ಪಿರಬೇಕು ಅಂದ್ಕೊಂಡಿದ್ನಿ."

ಒಂದು ಮಾತು ಸಾಕಿತ್ತು. ಕಾಕಾ ಅವಳ ಕಡೆ ತಿರುಗಲೇ ಇಲ್ಲ. ನನ್ನನ್ನು ನೋಡಿ, "ಪರದೆ ಎಳಿಯೋ" ಎಂದರು.

ಅವರ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು. ಎಳೆದೆ. ಗಂಗವ್ವ ಆಚೆಗೆ ಉಳಿದಳು; ನಾನು ಅವರ ಜೊತೆ ಈಚೆಗೆ.