ಕಣ್ಣಿಗೆ ಬಿದ್ದ ರಂಜಕ

ರಂಜಕ ಅರೆಯುವ ದಿನ ನಮ್ಮ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಊರು ಬಿಟ್ಟು ಈ ಮರಾಠಿ ಶಹರದ ಸದಾಶಿವ ಪೇಠದ ಫ್ಲ್ಯಾಟಿಗೆ ಬಂದ ಮೇಲೂ ಅವ್ವ ಈ ಕೆಂಪು ಮೆಣಸಿನಕಾಯಿ ಚಟ್ನಿಯನ್ನು ಮಿಕ್ಸರಿಗೆ ಹಾಕಗೊಟ್ಟವಳಲ್ಲ. ಕಲ್ಲೇ ಆಗಬೇಕು, ಮಗಳ ಕೈಯೇ ಆಗಬೇಕು. ನಾಳೆ ಪ್ರಯೋಗಾಲಯದಲ್ಲಿ ನನ್ನ ಹಣೆಬರಹ ತೀರ್ಮಾನವಾಗುತ್ತದೆ ಎಂದು ಗೋಗರೆದೆ.

"ಮಂಗ್ಯಾನ ಮಿದುಳು ಎಲ್ಲಿ ಓಡಿ ಹೋಗ್ತದ? ಮೆಣಸಿನಕಾಯಿ ಕೊಳೀತಾವ," ಎಂದಳು.

ಅದು ಮುಪ್ಪಿನಿಂದ ಸತ್ತ ಕೋತಿಯ ಮಿದುಳು. ಮುಖದ ಉರಿಯನ್ನು ಒಯ್ಯುವ ನರ ಮಿದುಳಿನ ಬುಡ ಸೇರುವಲ್ಲಿ, ನ್ಯೂರೋಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕನ್ನು ಚೆಲ್ಲಿ ಸುದ್ದಿ ಮುಟ್ಟಿಸುತ್ತದೆ. ಅದಕ್ಕೆ ಹಸಿರಾಗಿ ಹೊಳೆಯುವ ಬಣ್ಣ ಹಿಡಿಸುವುದು ನನ್ನ ಕೆಲಸ. ಬಣ್ಣ ಪ್ರತಿಸಲವೂ ಕೈಕೊಟ್ಟಿತ್ತು. ಮಿದುಳನ್ನು ತೆಳ್ಳಗೆ ಕೊಯ್ದ ಬಿಲ್ಲೆಗಳಲ್ಲಿ ಉಳಿದ ಕೊನೆಯವೂ ಹಾಳಾದರೆ ನನ್ನ ಪಿಎಚ್‌ಡಿ ಅಲ್ಲಿಗೇ ಮುಗಿಯುತ್ತಿತ್ತು.

ಮರುದಿನ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಸ್ಲೈಡ್ ಇಟ್ಟೆ. ಕೈಗವಸು ಬಿಚ್ಚಿ, ನೋಡುವ ಮುಂಚೆ ಒಮ್ಮೆ ಕಣ್ಣುಜ್ಜಿಕೊಂಡೆ. ಅಯ್ಯಯ್ಯೋ! ಎಷ್ಟು ತೊಳೆದರೂ ಉಗುರಸಂದಿಯಲ್ಲಿ ರಂಜಕ ಉಳಿದಿತ್ತು. ಕಣ್ಣು ಮುಚ್ಚಿಕೊಂಡು ಕೋಣೆ ತುಂಬ ಕುಣಿದಾಡಿದೆ. ಬಾಗಿಲಲ್ಲಿ ನಿಂತು ನೋಡಿದ ನಮ್ಮ ಗೈಡ್ ಮ್ಯಾಡಮ್ ಅದು ಖುಷಿಯ ಕುಣಿತವೆಂದು ತಿಳಿದು, ಓಡಿಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಣ್ಣ ಹಿಡಿದಿದೆ ಎಂದು ಮರಾಠಿಯಲ್ಲಿ ಕಿರುಚಿ ತಾವೂ ಕುಣಿದರು!

ಆಮೇಲೆ ಇಡೀ ವಿಭಾಗವೇ ಬಂದು ನೋಡಿತು, ನನ್ನೊಬ್ಬಳನ್ನು ಬಿಟ್ಟು. ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ಕೋತಿಯಲ್ಲಿ ಹುಡುಕಿದ್ದು ಈಗ ನನ್ನ ತಲೆಯೊಳಗೇ ಧಾರಾಳವಾಗಿ ಚೆಲ್ಲುತ್ತಿತ್ತಲ್ಲ!

ಫೋನಿನಲ್ಲಿ ಸುದ್ದಿ ಕೇಳಿದ ಅವ್ವ ತುಪ್ಪದ ಡಬ್ಬಿ ಹಿಡಿದು ರಿಕ್ಷಾದಲ್ಲಿ ಬಂದಳು. ರೆಪ್ಪೆಯ ಮೇಲೆ ತುಪ್ಪ ಸವರಿದಳು. ಉರಿ ತಗ್ಗಿದ ಮೇಲೆ ನಾನೂ ನೋಡಿದೆ. ಕತ್ತಲೆಯಲ್ಲಿ ಹಸಿರು ಎಳೆಗಳು, ಎಳೆಯುದ್ದಕ್ಕೂ ಸಾಸಿವೆಯಂಥ ಚುಕ್ಕಿಗಳು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಅವ್ವನನ್ನೂ ಕರೆದು ತೋರಿಸಿದೆ.

ಅವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

"ನಿನ್ನ ಕಣ್ಣು ಉರಿದಾಗ ಒಳಗ ಹಿಂಗs ಆಗಿತ್ತೇನ?"

"ಹೂಂ ಅವ್ವಾ. ಮಂಗ್ಯಾಗೂ ಹಿಂಗs."

"ಭಾಳ ಚಂದ ಅದ," ಎಂದಳು. ಡಬ್ಬಿಯ ಮುಚ್ಚಳ ಬಿಗಿದು, ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. "ಮುಂದಿನ ವರ್ಷ ರಂಜಕ ಮಿಕ್ಸರಿಗೆ ಹಾಕ್ತೀನಿ. ನೀ ಇದನ್ನ ನೋಡಕೋತ ಇರು."