ಅಣ್ಣನ ಸೀಟಿಗೊಂದು ಹೇಳಿಕೆ

ನನ್ನ ಅಣ್ಣ ಭರಮಣ್ಣ ಬುದ್ಧಿವಂತ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸಾಂಗಲಿಯಲ್ಲಿ ಬಿ.ಎ., ಪುಣೆಯಲ್ಲಿ ಎಂ.ಎ. ಮಾಡಿದವನು, ಅದೂ ಮನುಷ್ಯರ ಮನಸ್ಸನ್ನೇ ಓದುವ ಮನಃಶಾಸ್ತ್ರದಲ್ಲಿ. ಜತ್ತ ತಾಲೂಕಿನ ಕುರಿ ಕಾಯುವ ಮನೆಗಳಲ್ಲಿ ಅಂಥ ಇನ್ನೊಬ್ಬನನ್ನು ಆಗ ನಾನಂತೂ ಕಂಡಿರಲಿಲ್ಲ. ಆದರೆ ಅವನ ಓದು ಶುರುವಾದದ್ದು ಪುಣೆಯಲ್ಲಲ್ಲ, ನಮ್ಮ ಅಂಗಳದಲ್ಲಿ. ಅದನ್ನು ಅವನು ಹೇಳುವುದಿಲ್ಲ, ನಾನೇ ಹೇಳಬೇಕು.

ಉಟಗಿಯಿಂದ ಆಚೆ ಹೊಲಗಳ ನಡುವೆ ನಮ್ಮ ವಸ್ತಿ. ಐದಾರು ಮನೆ, ಒಂದು ಕುರಿಹಟ್ಟಿ, ಒಂದು ಬೀರಪ್ಪನ ಗುಡಿ. ನಮ್ಮಪ್ಪ ವಿಠೋಬ ಆ ಗುಡಿಯ ಪೂಜಾರಿ. ಅಮಾವಾಸ್ಯೆಯ ದಿನ ಹಣೆ ತುಂಬ ಭಂಡಾರದ ಅರಿಶಿನ ಬಳಿದುಕೊಂಡು ಕಂಬಳಿ ಹೊದ್ದು ಕೂತರೆ ಅವನ ಮೈಮೇಲೆ ದೇವರು ಬರುತ್ತಿತ್ತು. ತಿಕೋಂಡಿ, ಬಿಳೂರುಗಳಿಂದೆಲ್ಲ ಜನ ಹೇಳಿಕೆ ಕೇಳಲು ಬರುತ್ತಿದ್ದರು. ಬಂದವರು ಬಾಯಿ ತೆರೆಯುವ ಮೊದಲೇ ಅವರ ಸಂಕಟ ಏನೆಂದು ದೇವರು ಹೇಳಿಬಿಡುವುದೇ ನಮ್ಮ ಗುಡಿಯ ಹೆಚ್ಚುಗಾರಿಕೆ.

ದೇವರಿಗೆ ಅದು ತಿಳಿಯುತ್ತಿದ್ದದ್ದು ಅಣ್ಣನಿಂದ. ಬೇವಿನ ನೆರಳಲ್ಲಿ ಸರದಿ ಕಾಯುವವರ ಪಕ್ಕ ಕೂತು, ಎಲೆ ಅಡಿಕೆ ಕೊಟ್ಟು, ಅವನು ಮೆಲ್ಲಗೆ ಅವರ ಕಷ್ಟಸುಖ ಕೇಳುತ್ತಿದ್ದ. ಅವರ ಸರದಿ ಬಂದಾಗ ಗುಡಿಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ಕಿವಿ ತುರಿಸಿದರೆ ಕುರಿ ದನಗಳ ಚಿಂತೆ, ಮೂಗು ಒರೆಸಿದರೆ ಅತ್ತೆ ಸೊಸೆಯರ ಜಗಳ, ಗದ್ದ ನೀವಿದರೆ ಮಗಳ ಮದುವೆ. ಎರಡೂ ಕೈ ಸೊಂಟದ ಮೇಲಿಟ್ಟರೆ ಅದು ಎಲ್ಲಕ್ಕಿಂತ ದೊಡ್ಡ ಸನ್ನೆ: ಈ ಮನುಷ್ಯ ಆಗಲೇ ನಿರ್ಧಾರ ಮಾಡಿಕೊಂಡು ಬಂದಿದ್ದಾನೆ, ದೇವರ ಬಾಯಿಂದ ಹೂಂ ಅನ್ನಿಸಿಕೊಂಡು ಹೋಗಬೇಕಷ್ಟೆ. ಅಂಥವರಿಗೆ ಅಪ್ಪ ಹೂಂ ಎನ್ನುತ್ತಿದ್ದ. ಇದನ್ನು ಮೋಸ ಅನ್ನುವವರು ಅನ್ನಲಿ. ಭಾರ ಹೊತ್ತು ಬಂದವರು ಹಗುರಾಗಿ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಾಂಗಲಿಯಲ್ಲಿದ್ದಾಗ ಅಣ್ಣ ಅಮಾವಾಸ್ಯೆಗೆ ತಪ್ಪದೆ ಬರುತ್ತಿದ್ದ. ಪುಣೆಗೆ ಹೋದ ಮೇಲೆ ಅದಾಗಲಿಲ್ಲ. ಅಪ್ಪ ಕುರಿ ಕಳೆದುಕೊಂಡವನಿಗೆ ಮಗಳ ಮದುವೆಯ ದಾರಿ ಹೇಳತೊಡಗಿದ. ದೇವರು ಮುನಿದಿದ್ದಾನೆ ಎಂದು ಜನ ಬರುವುದನ್ನೇ ಕಡಿಮೆ ಮಾಡಿದರು. ಆ ಕಾಲಕ್ಕೆ ನಾನು ಗಂಡನ ಮನೆ ಸರಿಬರದೆ ತವರಿಗೆ ಮರಳಿದ್ದೆ. ಬಂದವರಿಗೆ ನೀರು ಕೊಡುವುದು ನನ್ನ ಪಾಲಿನ ಕೆಲಸ. ನೀರು ಕೊಡುವವಳ ಮುಂದೆ ಜನ ಏನೆಲ್ಲ ಹೇಳಿಕೊಳ್ಳುತ್ತಾರೆ! ಯಾರು ಯಾಕೆ ಬಂದಿದ್ದಾರೆಂದು ನನಗೆ ಗೊತ್ತಿರುತ್ತಿತ್ತು, ಸನ್ನೆಗಳೂ ಗೊತ್ತಿದ್ದವು. ಅಪ್ಪ ಮಾತ್ರ ಖಾಲಿ ಕಂಬವನ್ನು ನೋಡುತ್ತಿದ್ದನೇ ಹೊರತು ನನ್ನನ್ನಲ್ಲ. ತವರಿಗೆ ಮರಳಿದ ಮಗಳಿಗೆ ಮನೆಯಲ್ಲಿ ಕೆಲಸ ಬೇಕಾದಷ್ಟು, ಜಾಗ ಮಾತ್ರ ಇಲ್ಲ.

ಎಂ.ಎ. ಮುಗಿಸಿ ಅಣ್ಣ ಬಂದ. ಇನ್ನು ಜತ್ತದಲ್ಲಿ ಮಾಸ್ತರಿಕೆ ಮಾಡುತ್ತಾನೆ, ಅಮಾವಾಸ್ಯೆಗೆ ಕಂಬ ಹಿಡಿಯುತ್ತಾನೆ ಎಂದು ಅಪ್ಪನ ಲೆಕ್ಕ. ಆದರೆ ಅವನು ಬೇರೆಯೇ ಸುದ್ದಿ ತಂದಿದ್ದ. ಮನಸ್ಸು ಕೆಟ್ಟವರನ್ನು ಮಾತಿನಿಂದಲೇ ಪರೀಕ್ಷೆ ಮಾಡುವ, ನೆಟ್ಟಗೆ ಮಾಡುವ ವಿದ್ಯೆಯನ್ನು ಬೆಂಗಳೂರಿನಲ್ಲಿ ಹೊಸದಾಗಿ ಕಲಿಸುತ್ತಾರಂತೆ. ದೇಶಕ್ಕೆಲ್ಲ ಸೇರಿ ಬೆರಳೆಣಿಕೆಯ ಸೀಟು. ಅರ್ಜಿ ಹಾಕಿಬಿಟ್ಟಿದ್ದ.

ಅಂದಿನಿಂದ ಅವನ ಕಾಟ ಶುರುವಾಯಿತು. ಸಂತೆಯಲ್ಲಿ ಕುರಿಮರಿ ಎತ್ತಿ ತೂಕ ನೋಡುವ ಹಾಗೆ ತನ್ನನ್ನೇ ಎತ್ತೆತ್ತಿ ನೋಡಿಕೊಳ್ಳುತ್ತಿದ್ದ. "ಸೆಕೆಂಡ್ ಕ್ಲಾಸ್ ಐತಿ. ಇಂಗ್ಲಿಷ್ ಬರೀತೀನಿ, ಮಾತಾಡಾಕ ತೊಡರತೈತಿ. ಆದರ ಮಂದಿ ಮಾತ ಕೇಳಿದ್ದು ನನ್ನಷ್ಟು ಯಾರ ಕೇಳ್ಯಾರ?" ಬೆಳಿಗ್ಗೆ ಎದ್ದಾಗ ಸೀಟು ಸಿಗುವುದು ರೂಪಾಯಿಗೆ ಹತ್ತಾಣೆ ಖಾತ್ರಿ ಎನ್ನುವನು, ಸಂಜೆಗೆ ಅದು ಎರಡಾಣೆಗೆ ಇಳಿದಿರುತ್ತಿತ್ತು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಜ್ವಾಳದ ಧಾರಣಿನೂ ಇಷ್ಟ ಏರಿಳಿಯೂದಿಲ್ಲೋ" ಎಂದೆ.

ನೆರೆಮನೆಯ ಶಿದ್ರಾಯ ಕಾಕಾ ಇದನ್ನೆಲ್ಲ ಕೇಳಿ ನಕ್ಕ. "ಮನ್ಯಾಗ ದೇವರ ಇಟಗೊಂಡು ಆಣೆ ಲೆಕ್ಕಾ ಹಾಕ್ತಾನ ನೋಡ್ರಿ! ಅಮಾಸಿಗಿ ಹೇಳಿಕಿ ಕೇಳೋ ತಮ್ಮಾ."

ವಸ್ತಿಯೆಲ್ಲ ಹೌದೆಂದಿತು. ಅಪ್ಪನ ಮುಖ ಬಿಳಿಚಿತು. ಸೀಟು ಸಿಗುವುದಿಲ್ಲ ಎಂದು ದೇವರು ಹೇಳಿದರೆ ಅಣ್ಣ ಹೋಗುವುದೇ ಇಲ್ಲ. ಎಷ್ಟು ಓದಿದರೂ ನಾಲ್ಕು ಮಂದಿಯ ಎದುರು ಅಪ್ಪನನ್ನು ಸುಳ್ಳು ಮಾಡುವ ಎದೆ ಅವನಿಗಿರಲಿಲ್ಲ. ಸಿಗುತ್ತದೆ ಎಂದರೆ ಅಪ್ಪನ ಕಿವಿಯಾಗಿದ್ದ ಅಣ್ಣ ಬೆಂಗಳೂರಿಗೆ ಹೋದಂತೆ. ಒಂದೇ ಮಾತಿನ ಮೇಲೆ ಅಣ್ಣನ ಬಾಳು ನಿಂತಿತ್ತು, ಆ ಮಾತು ಆಡಬೇಕಾದವನಿಗೆ ಅದು ಬೇಡವಾಗಿತ್ತು.

ಅಮಾವಾಸ್ಯೆ ಬಂತು. ಅಣ್ಣ ಎಲ್ಲರಂತೆ ಸರದಿಯಲ್ಲಿ ನಿಂತು ಅಪ್ಪನ ಎದುರು ಕೈಮುಗಿದ. ಅಪ್ಪ ನಡುಗುತ್ತಿದ್ದ. ಆ ನಡುಕ ದೇವರದೋ ಅವನದೋ ನನಗೆ ತಿಳಿಯಲಿಲ್ಲ.

"ಏನ ಬೇಕೋ ಮಗನ?"

ದೇವರು ತಾನೇ ಹೇಳುವುದು ಬಿಟ್ಟು ಕೇಳುತ್ತಿದೆಯಲ್ಲ ಎಂದು ಜನ ಗುಜುಗುಜು ಮಾಡಿದರು. "ಬೆಂಗಳೂರಾಗ ಸೀಟ ಸಿಗತೈತೋ ಇಲ್ಲೋ, ಹೇಳಪಾ ದೇವರ" ಎಂದ ಅಣ್ಣ. ರೂಢಿಯಂತೆ ಅಪ್ಪನ ಕಣ್ಣು ಕಂಬದ ಕಡೆ ಹೋಯಿತು.

ನಾನು ಕೊಡ ಕೆಳಗಿಟ್ಟು ನಡೆದುಹೋಗಿ ಕಂಬದ ಪಕ್ಕ ನಿಂತೆ. ಎರಡೂ ಕೈ ಸೊಂಟದ ಮೇಲಿಟ್ಟೆ.

"ಏ ಹಣಮವ್ವಾ, ದೇವರ ಮುಂದ ಹಿಂಗ ನಿಂದರ್ತಾರೇನವಾ? ಕೈ ಇಳಸ!" ಎಂದು ಶಿದ್ರಾಯ ಕಾಕಾ ಗದರಿದ. ನಾನು ಇಳಿಸಲಿಲ್ಲ.

ಅಪ್ಪನ ನಡುಕ ನಿಂತಿತು. ನನ್ನ ಕೈಗಳನ್ನು ನೋಡಿದ, ಮುಖ ನೋಡಿದ, ಆಮೇಲೆ ಅಣ್ಣನನ್ನು ನೋಡಿದ. "ಸಿಗತೈತಿ. ಹೋಗು" ಎಂದು ಕಣ್ಣು ಮುಚ್ಚಿದ. ಅಪ್ಪನ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ.

ಜನ ಚದುರಿದ ಮೇಲೆ ಅಪ್ಪ ಕೇಳಿದ, "ಯಾವಾಗಿಂದ ಗೊತ್ತಿತ್ತು ನಿನಗ?"

"ನೀರ ಕೊಡಾಕಿಗಿ ಕಣ್ಣಿಲ್ಲೇನಪಾ?" ಎಂದೆ. ಮುಂದಿನ ಅಮಾವಾಸ್ಯೆಯಿಂದ ಕಂಬ ನನ್ನದಾಯಿತು. ದೇವರ ಸಿಟ್ಟು ಇಳಿಯಿತೆಂದು ಜನ ಮತ್ತೆ ಬರತೊಡಗಿದರು.

ಅಣ್ಣ ವಿಜಾಪುರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ. ಹೋದಷ್ಟೇ ಬೇಗ ಟ್ರಂಕು ಹೊತ್ತು ಹಿಂತಿರುಗಿದ. ಸಂದರ್ಶನದಲ್ಲಿ ಇಂಗ್ಲಿಷ್ ಕೈಕೊಟ್ಟಿತ್ತು, ಸೀಟು ಸಿಕ್ಕಿರಲಿಲ್ಲ. ದೇವರ ಮಾತು ಸುಳ್ಳಾಯಿತೆಂದು ಅಪ್ಪ ಮುಖ ಮುಚ್ಚಿಕೊಂಡ. ಆಗ ಶಿದ್ರಾಯ ಕಾಕಾನೇ ಕಾಪಾಡಿದ. "ಸಿಗತೈತಿ ಅಂದಾನ ದೇವರು. ಈ ವರಸ ಸಿಗತೈತಿ ಅಂದಿದ್ದನೇನು?"

ಅಮಾವಾಸ್ಯೆಯ ದಿನ ಅಣ್ಣ ಹಳೆಯ ರೂಢಿಯಂತೆ ನೇರವಾಗಿ ಕಂಬದ ಕಡೆ ಬಂದ. ನಾನು ಅಲ್ಲಿದ್ದೆ.

"ಅತ್ತಾಗ ಸರಿಯವಾ, ತಂಗಿ."

"ಸರಿಯಂಗಿಲ್ಲ."

ಅವನು ಅಪ್ಪನ ಕಡೆ ನೋಡಿದ. ಅಪ್ಪ ಭಂಡಾರದ ಬಟ್ಟಲಲ್ಲಿ ಮುಖ ಹುದುಗಿಸಿದವನಂತೆ ಕೂತಿದ್ದ.

"ಹಂಗಾದ್ರ ನಾ ಎಲ್ಲಿ ನಿಂದರ್ಲಿ?"

"ಕೊಡ ಅಲ್ಲೈತಿ. ಬಂದವರಿಗಿ ನೀರ ಕೊಡು."

ಪುಣೆಯ ಎಂ.ಎ. ಆ ದಿನವಿಡೀ ನೀರು ಕೊಟ್ಟ. ನನಗೆ ನಗು ತಡೆಯುವುದೇ ಕಷ್ಟವಾಗಿತ್ತು, ಪಾಪವೂ ಅನ್ನಿಸುತ್ತಿತ್ತು. ಮರುದಿನ ನೋಡಿದರೆ ಅವನು ಕುರಿಹಟ್ಟಿಯಲ್ಲಿ ಆಡುಗಳ ಎದುರು ನಿಂತು ಗಟ್ಟಿಯಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ವರ್ಷವಿಡೀ ಮಾತಾಡಿದ. ಆಣೆ ಲೆಕ್ಕ ಮತ್ತೆ ಅವನ ಬಾಯಿಂದ ಬರಲಿಲ್ಲ. ಮುಂದಿನ ವರ್ಷ ಸೀಟು ಸಿಕ್ಕಿತು.

ದೇವರ ಹೇಳಿಕೆ ನಿಜವಾಯಿತು ಎಂದು ವಸ್ತಿಯವರು ಇವತ್ತಿಗೂ ಹೇಳುತ್ತಾರೆ. ನಾನು ಅವರ ಮಾತು ತೆಗೆದುಹಾಕುವುದಿಲ್ಲ. ಆದರೆ ಆ ಅಮಾವಾಸ್ಯೆ ನಾನು ಕಂಬ ಬಿಟ್ಟು ಸರಿದು ನಿಂತಿದ್ದರೆ ನಾವಿಬ್ಬರೂ ಇದ್ದಲ್ಲೇ ಇರುತ್ತಿದ್ದೆವು, ಅವನು ಕಂಬದ ಪಕ್ಕ, ನಾನು ಕೊಡದ ಪಕ್ಕ.