ಅಂಗಳ ಬಿರುಕು ಬಿಟ್ಟ ಬೇಸಿಗೆ

ನಮ್ಮತ್ತೆ ಗುರುಬಾಯಿ ಅರಕೇರಿಯ ಹೊಲದಲ್ಲಿ ನಲವತ್ತು ವರ್ಷ ದುಡಿದವರು. ವಿಜಯಪುರದ ಅಥಣಿ ರಸ್ತೆಯ ಹೊಸ ಮನೆಗೆ ಬಂದಾಗ ಅವರು ಕೇಳಿದ್ದು ಒಂದೇ: ಬದನೆ, ಮೆಂತ್ಯೆ ಹಾಕಲು ಮುಂದೆ ಒಂದು ತುಂಡು ಕೈದೋಟ. ತುಂಡೇನೋ ಸಿಕ್ಕಿತು. ಆದರೆ ಮನೆ ಕಟ್ಟುವಾಗ ಲಾರಿ, ಜೆಸಿಬಿ ತುಳಿದ ಎರೆಮಣ್ಣು ಅದು. ಸಲಿಕೆ ಹಾಕಿದರೆ ಠಣ್ ಅನ್ನುತ್ತಿತ್ತು. ಉಳಿದಿದ್ದ ಉಸುಕು ಬೆರೆಸಿದೆವು, ಇನ್ನಷ್ಟು ಗಟ್ಟಿಯಾಯಿತು. ಎರಡು ಸಲ ನೆಟ್ಟ ಬದನೆ ಸಸಿ ಹಳದಿಯಾಗಿ ಸತ್ತವು.

ಮಾವ ಸಿದ್ದರಾಯ ಕಾಯುತ್ತಿದ್ದದ್ದೇ ಅದಕ್ಕೆ.

“ಕಾರಹುಣ್ಣಿಮಿತನಕ ನೋಡ್ತೇನಿ. ಅಷ್ಟರಾಗ ಈ ಮಣ್ಣಾಗ ಕೈ ಇಳೀಲಿಲ್ಲಂದ್ರ ಪೇವರ್ ಕಲ್ಲು ಹಾಕಸಾಂವ. ನನ್ನ ಗಾಡಿಗೆ ಜಾಗಾ ಬೇಕು.”

ಅತ್ತೆಯ ಮುಖ ಸಣ್ಣದಾಯಿತು. ಆ ಸ್ಕೂಟಿಯ ಮೇಲೆ ಅಷ್ಟು ಪ್ರೀತಿಯಿದ್ದರೆ ಹಾಸಿಗೆಯಲ್ಲೇ ಮಲಗಿಸಿಕೊಳ್ಳಲಿ ಎಂಬ ಮಾತು ನನ್ನ ಬಾಯಿತನಕ ಬಂದಿತ್ತು!

ಯುಗಾದಿ ಮುಗಿದ ವಾರ, ಕುರಿ ಕಾಯುವ ಅತ್ತೆಯ ತಮ್ಮ ಅಮಸಿದ್ದ ಬಂದರು. ಅತ್ತೆ ದಿನದಂತೆ ಅಂಗಳವೆಲ್ಲ ಗುಡಿಸಿ, ಸಗಣಿ ನೀರು ಹೊಡೆಯುತ್ತಿದ್ದರು. ಅಮಸಿದ್ದ ಗೇಟಿನಲ್ಲೇ ನಿಂತು ನಕ್ಕರು.

“ಅಕ್ಕಾ, ಕಣಾ ಭಾರಿ ಮಾಡೀ ನೋಡು. ಜ್ವಾಳದ ರಾಶಿ ಯಾವಾಗ?”

ಅತ್ತೆಯ ಕೈಯಲ್ಲಿದ್ದ ಬಕೆಟ್ ಅಲ್ಲೇ ನಿಂತಿತು. ನೀರು ಹೊಡೆದು, ಸಗಣಿ ಸಾರಿಸಿ, ತುಳಿದು ತುಳಿದು ರಾಶಿಯ ಕಣ ಗಟ್ಟಿ ಮಾಡುವುದರಲ್ಲಿ ಊರಲ್ಲೇ ಅವರದು ಎತ್ತಿದ ಕೈ. ಎಂಟು ತಿಂಗಳಿಂದ ಕೈದೋಟದ ಜಾಗದಲ್ಲೂ ಅದನ್ನೇ ಮಾಡಿದ್ದರು!

“ಅಯ್ಯ, ನನ್ನ ಬುದ್ಧಿಗೆ ಬೆಂಕಿ ಹತ್ತಲಿ!”

ಅವತ್ತೇ ನೀರು ಬಂದ್. ಹೊಸ್ತಿಲ ಮುಂದಷ್ಟೇ ಸಾರಣೆ. ಉಳಿದ ಕಡೆ ಯಾರೂ ಕಾಲಿಡಬಾರದೆಂದು ಹಗ್ಗ ಕಟ್ಟಿದರು. ಬಿಸಿಲಿಗೆ ನೆಲ ಬಿರಿಯತೊಡಗಿತು.

“ಬಿರ್‍ಯಾಕತ್ತೈತಿ ಸುವರ್ಣಾ, ಬಾ ನೋಡು ಬಾ!” ಎಂದು ಅತ್ತೆ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಎಳೆದೊಯ್ದರು. ನನ್ನ ಕೈ ಹೋಗುವಷ್ಟು ಬಿರುಕು! ಅಮಸಿದ್ದ ಕೊಟ್ಟ ಎರಡು ಚೀಲ ಕುರಿ ಹಿಕ್ಕಿ, ಶೇಂಗಾ ಹೊಟ್ಟು, ರಸ್ತೆಯಲ್ಲಿ ಆರಿಸಿದ ಒಣ ಬೇವಿನೆಲೆ, ಎಲ್ಲವನ್ನೂ ಬಿರುಕಿನೊಳಗೆ ಕೋಲಿನಿಂದ ತುರುಕಿದೆವು. ಓಣಿಯವರು ನಕ್ಕರು. ನಗಲಿ ಬಿಡಿ.

ರೋಹಿಣಿ ಮಳೆ ಸುರಿದೇಬಿಟ್ಟಿತು! ಮಣ್ಣು ಉಬ್ಬಿ, ಬಿರುಕುಗಳೆಲ್ಲ ಆ ಗೊಬ್ಬರ ನುಂಗಿ ಮುಚ್ಚಿಕೊಂಡವು. ನಾನು ಸಲಿಕೆ ಹಿಡಿದು ಓಡಿದರೆ ಅತ್ತೆ ಸೆರಗು ಹಿಡಿದೆಳೆದರು. “ಹಸೀ ಮಣ್ಣ ಕೆದರಿದ್ರ ಮತ್ತ ಇಟ್ಟಂಗಿ ಆಕ್ಕೈತಿ. ಹದಾ ಬರ್ಲಿ ತಡಿ!” ಆರು ದಿನ ತಡೆದು, ಮೆಲ್ಲಗೆ ಮೇಲೆ ಕೆಳಗೆ ಮಾಡಿದೆವು.

ಕಾರಹುಣ್ಣಿಮೆಯ ಬೆಳಿಗ್ಗೆ ಪೇವರ್‌ನವನು ಟೇಪು ಹಿಡಿದು ಬಂದೇಬಿಟ್ಟ. ಮಾವ ಹಗ್ಗ ದಾಟಿ, ಬಗ್ಗಿ, ಬೆರಳು ಒತ್ತಿದರು. ಮುಂಗೈತನಕ ಇಳಿಯಿತು! ಹಿಡಿ ಎತ್ತಿದರೆ ಮಣ್ಣು ಪುಡಿಪುಡಿಯಾಗಿ ಉದುರಿತು. ನಾನು ಕೇಕೆ ಹಾಕಿದೆ. ಮಾವ ಮಾತ್ರ ಏಳಲೇ ಇಲ್ಲ. ಮಣ್ಣನ್ನು ಮೂಗಿಗೆ ಹಿಡಿದು ಅಲ್ಲೇ ಕುಳಿತರು.

ಪೇವರ್‌ನವನು ಅಳತೆಗೆಂದು ಹಗ್ಗ ದಾಟಲು ಕಾಲೆತ್ತಿದ. ಮಾವ ಗುಡುಗಿದರು.

“ಏ ಹುಚ್ಚಪ್ಪಾ, ಹಿಂದ ಸರಿ! ತುಳೀಬ್ಯಾಡಲೇ, ಇದು ನಮ್ಮ ಹೊಲಾ!”